ಮೊರದ ಮುಂದೆ ಒಂದು ಪಾಠಶಾಲೆ

ದಸರಾ ರಜೆ ಬಂತೆಂದರೆ ನಮ್ಮಂಥ ಗೃಹಿಣಿಯರಿಗೆ ಎರಡು ಯೋಚನೆ ನೋಡಿ. ಒಂದು, ಗೊಂಬೆ ಕೂರಿಸೋದು, ದಿನಕ್ಕೊಂದು ತಿಂಡಿ, ಬಂದವರಿಗೆ ಅರಿಶಿನ ಕುಂಕುಮ. ಇನ್ನೊಂದು, ಬೆಳಗಿನಿಂದ ಸಂಜೆಯವರೆಗೆ ಮನೆಯಲ್ಲೇ ಇರುವ ಮಕ್ಕಳು. "ಅಮ್ಮಾ, ಬೇಜಾರು" ಅನ್ನುವ ರಾಗ ಹತ್ತು ಗಂಟೆಗೇ ಶುರು. ಹೋಗಲಿ, ಸುಮ್ಮನಿರಲಿ ಅಂತ ಮೊಬೈಲು ಕೊಟ್ಟಿರೋ, ಊಟಕ್ಕೆ ಕರೆದರೂ ಕಿವಿ ಕೇಳಿಸದು. ಅದಕ್ಕೇ ಈ ಸಲ ಖರ್ಚಿಲ್ಲದ ಒಂದು ಉಪಾಯ ಹೇಳುತ್ತೇನೆ. ಒಂದು ಮೊರ, ನಾಲ್ಕು ಬಟ್ಟಲು, ಡಬ್ಬಗಳಲ್ಲಿ ಇರುವ ಕಾಳುಗಳು. ಇಷ್ಟೇ ಸಾಮಾನು.

"ಅಯ್ಯೋ, ಕಾಳು ಆರಿಸೋದೂ ಒಂದು ಪಾಠವೇ?" ಎಂದು ನೀವು ನಗಬಹುದು. ನಮ್ಮ ಅಜ್ಜಿಯರ ಕಾಲದಲ್ಲಿ ಮಕ್ಕಳು ಇದನ್ನು ಪಾಠ ಅಂತ ಕಲಿಯಲಿಲ್ಲ, ನಿಜ. ಮಧ್ಯಾಹ್ನ ಊಟವಾದ ಮೇಲೆ ಜಗಲಿಯಲ್ಲಿ ಮೊರ ಹಿಡಿದು ಕುಳಿತ ಹೆಂಗಸರ ಪಕ್ಕದಲ್ಲಿ ತಾವೂ ಕುಳಿತು ಕಲ್ಲು ಹೆಕ್ಕುತ್ತಿದ್ದರು. ಹುರುಳಿಯೊಳಗೆ ಅಡಗಿದ ಕಂದು ಕಲ್ಲನ್ನು ಕಂಡುಹಿಡಿಯುವುದು ಅಂದರೆ ಸಣ್ಣ ಮಾತೇ? ಬಣ್ಣ ಒಂದೇ, ಗಾತ್ರ ಒಂದೇ, ಆದರೆ ಹೊಳಪು ಬೇರೆ, ಬೆರಳಿಗೆ ತಾಗುವ ತಣ್ಣಗಿನ ಸ್ಪರ್ಶ ಬೇರೆ. ಈಗ ಬೇಳೆಕಾಳೆಲ್ಲ ಶುದ್ಧವಾಗಿ ಪ್ಯಾಕೆಟ್ಟಿನಲ್ಲಿ ಬರುತ್ತೆ, ಆರಿಸುವ ಕೆಲಸವೇ ಇಲ್ಲ. ನಮಗೇನೋ ಅನುಕೂಲವಾಯಿತು. ಮಕ್ಕಳ ಕಣ್ಣಿಗೆ, ಬೆರಳಿಗೆ ಇದ್ದ ಅಭ್ಯಾಸ ಮಾತ್ರ ತಪ್ಪಿಹೋಯಿತು. ಈಗ ಅದೇ ಕೆಲಸ ಶಾಲೆಯ ಪುಸ್ತಕದಲ್ಲಿ "ಗುಂಪಿಗೆ ಸೇರದ ಪದವನ್ನು ಗುರುತಿಸಿ", "ವರ್ಗೀಕರಿಸಿ" ಎಂಬ ಹೆಸರಿನಲ್ಲಿ ಬಂದಿದೆ. ಚಿತ್ರ ನೋಡಿ ಗೆರೆ ಎಳೆಯುವುದು. ಚಿತ್ರದ ಕಡಲೆಯನ್ನು ಮುಟ್ಟಿ ನೋಡಲಾದೀತೇ?

ಸರಿ, ಆಟಕ್ಕೆ ಬರೋಣ. ಕಡಲೆ, ಹೆಸರುಕಾಳು, ಅಲಸಂದೆ, ಹುರುಳಿ, ಬಟಾಣಿ, ರಾಜ್ಮಾ, ಕಡಲೆಕಾಯಿ ಬೀಜ, ಇವುಗಳಲ್ಲಿ ಮನೆಯಲ್ಲಿ ಯಾವುದಿದೆಯೋ ಅದರಲ್ಲಿ ಒಂದೊಂದು ಹಿಡಿ ತೆಗೆದು ಮೊರದಲ್ಲಿ ಬೆರೆಸಿ. ಮಗುವಿನ ಮುಂದಿಟ್ಟು, "ಯಾವುದು ಯಾವುದರ ಜೊತೆ ಸೇರುತ್ತೆ ಅನಿಸುತ್ತೋ ಹಾಗೆ ಗುಂಪು ಮಾಡು" ಎನ್ನಿ. ಅಷ್ಟೇ ಹೇಳಿ, ನಿಮ್ಮ ಕೆಲಸ ನೋಡಿಕೊಳ್ಳಿ. ಇದು ಕಡಲೆ, ಇದು ಹುರುಳಿ ಅಂತ ಹೆಸರು ಹೇಳಿಕೊಡಬೇಡಿ. ಹೆಸರು ಗೊತ್ತಾದ ಕೂಡಲೇ ಮಗು ನೋಡುವುದನ್ನು ನಿಲ್ಲಿಸಿಬಿಡುತ್ತೆ. ನಾವೇ ನೋಡಿ, ದಿನಾ ಸಾಸಿವೆ ಸಿಡಿಸುತ್ತೇವೆ. ಒಂದು ಸಾಸಿವೆ ಕಾಳಿನ ಮೈ ನುಣುಪೋ ಒರಟೋ ಅಂತ ಯಾರಾದರೂ ಕೇಳಿದರೆ ಡಬ್ಬದ ಮುಚ್ಚಳ ತೆಗೆದು ನೋಡಿಯೇ ಹೇಳಬೇಕು!

ಐದಾರು ವರ್ಷದ ಮಕ್ಕಳು ಸಾಮಾನ್ಯವಾಗಿ ಮೊದಲು ಬಣ್ಣ ನೋಡುತ್ತವೆ. ಹಸಿರೆಲ್ಲ ಒಂದು ಕಡೆ, ಕಂದೆಲ್ಲ ಒಂದು ಕಡೆ. ಆಗ ಹೆಸರುಕಾಳೂ ಬಟಾಣಿಯೂ ಒಂದೇ ಬಟ್ಟಲಿಗೆ ಬೀಳುತ್ತವೆ. "ಛೇ, ಅದು ಬೇರೆ ಕಾಳು ಕಣೋ" ಎಂದು ಬಾಯಿ ಹಾಕಬೇಡಿ. ಬಣ್ಣದ ಲೆಕ್ಕಕ್ಕೆ ಅದು ಸರಿಯಾಗಿಯೇ ಇದೆ. ಬದಲಿಗೆ ಒಂದು ಪ್ರಶ್ನೆ ಕೇಳಿ: "ಇದನ್ನು ಯಾಕೆ ಇಲ್ಲಿಟ್ಟೆ ಪುಟ್ಟಾ?" ಮಗು ತನ್ನ ಬಾಯಿಂದಲೇ "ಎರಡೂ ಹಸಿರು" ಎನ್ನಲಿ. ಆಮೇಲೆ ಎಲ್ಲವನ್ನೂ ಮತ್ತೆ ಮೊರಕ್ಕೆ ಸುರಿದು, "ಈಗ ಬಣ್ಣ ಬಿಟ್ಟು ಬೇರೆ ಥರ ಮಾಡು, ನೋಡೋಣ" ಎನ್ನಿ. ಇಲ್ಲೇ ಸೊಗಸು ಇರೋದು. ಮಗು ತಲೆ ಕೆರೆದುಕೊಳ್ಳುತ್ತೆ. ಒಂದೆರಡು ಕಾಳು ಕೈಗೆ ತಗೊಂಡು ಉರುಳಿಸುತ್ತೆ. ಬಟಾಣಿ ಉರುಳಿ ಓಡುತ್ತೆ, ಹುರುಳಿ ಚಪ್ಪಟೆಯಾಗಿ ನಿಲ್ಲುತ್ತೆ. ಓಹೋ, ಉರುಳುವುದು ಒಂದು ಕಡೆ, ಉರುಳದ್ದು ಒಂದು ಕಡೆ! ಆಮೇಲೆ ದೊಡ್ಡದು-ಚಿಕ್ಕದು. ನುಣುಪಾದದ್ದು-ಸುಕ್ಕಾದದ್ದು. ಅಲಸಂದೆಗೆ ಕಪ್ಪು ಕಣ್ಣಿದೆ, ಬೇರೆ ಯಾವುದಕ್ಕೆ ಎದ್ದು ಕಾಣುವ ಕಣ್ಣಿದೆ? ಕಡಲೆಗೆ ಕೊಕ್ಕಿದೆ. ಅದೇ ಏಳು ಕಾಳು, ಪ್ರತಿ ಸಲವೂ ಬೇರೆ ಬೇರೆ ಸಂಸಾರ.

ಚಿಕ್ಕ ಮಕ್ಕಳದ್ದು ಇನ್ನೊಂದು ತಮಾಷೆ. ನಾಲ್ಕು ವರ್ಷದ ಮಗು ಬಣ್ಣದಲ್ಲಿ ಶುರುಮಾಡಿ, ಅರ್ಧ ದಾರಿಗೆ ಬಂದಾಗ ಆಕಾರಕ್ಕೆ ಜಾರಿಕೊಳ್ಳುತ್ತೆ, ಕೊನೆಗೆ "ಇದು ಅಪ್ಪ ಕಾಳು, ಇದು ಪಾಪು ಕಾಳು" ಅಂತ ಕಥೆ ಹೇಳುತ್ತೆ. ಆ ವಯಸ್ಸಿಗೆ ಅದು ಸಹಜ. ಗದರಬೇಡಿ, ಕಥೆ ಕೇಳಿ. ಒಂದೇ ಗುಣವನ್ನು ಕೊನೆಯವರೆಗೂ ಹಿಡಿದುಕೊಂಡು ಹೋಗುವ ಶಕ್ತಿ ನಿಧಾನವಾಗಿ ಬರುತ್ತೆ.

ಮಕ್ಕಳು ಹೇಳುವ ಕಾರಣಗಳಲ್ಲಿ ಎರಡು ಜಾತಿ ಇರುತ್ತವೆ, ಗಮನಿಸಿ. "ಇದು ಹುಳಿ" ಎಂದರೆ ಯಾರು ಬೇಕಾದರೂ ನಾಲಿಗೆಗೆ ಇಟ್ಟು ನೋಡಬಹುದು. "ಇದು ಚೆನ್ನಾಗಿಲ್ಲ" ಎಂದರೆ ಅದು ವಸ್ತುವಿನ ಗುಣವಲ್ಲ, ನಮ್ಮ ಮನಸ್ಸಿನ ಮಾತು. ಅಣ್ಣನಿಗೆ ಹಾಗಲಕಾಯಿ ಇಷ್ಟ, ತಂಗಿಗೆ ಇಲ್ಲ; ಆದರೆ ಹಾಗಲಕಾಯಿ ಕಹಿ, ಮೈಯೆಲ್ಲ ಗಂಟುಗಂಟು ಎನ್ನುವುದನ್ನು ಇಬ್ಬರೂ ಒಪ್ಪುತ್ತಾರೆ. ಕಣ್ಣಿಗೆ ಕಾಣುವ, ಕೈಗೆ ಸಿಗುವ, ಮೂಗಿಗೆ ಬರುವ, ಕಿವಿಗೆ ಕೇಳುವ ಗುಣ ಯಾವುದು, ನಮಗೆ ಅನ್ನಿಸಿದ್ದು ಯಾವುದು ಅಂತ ಬೇರ್ಪಡಿಸುವುದಕ್ಕೆ ಬಂದರೆ ಅರ್ಧ ವಿಜ್ಞಾನ ಬಂದ ಹಾಗೆ. ದೊಡ್ಡವರಿಗೂ ಇದು ಸುಲಭವಲ್ಲ ಬಿಡಿ. ಮದುವೆ ಮನೆಯಲ್ಲಿ ನಾವು ಕುಳಿತು ಆಡುವ ಮಾತಿನಲ್ಲಿ ಕಂಡದ್ದು ಎಷ್ಟು, ಅನ್ನಿಸಿದ್ದು ಎಷ್ಟು!

ಸ್ವಲ್ಪ ಬೆಳೆದ ಮಕ್ಕಳಿಗೆ ಆಟವನ್ನು ತಿರುಗಿಸಿ. ನೀವೇ ಎರಡು ಗುಂಪು ಮಾಡಿಟ್ಟು, "ನಾನು ಯಾವ ಲೆಕ್ಕದಲ್ಲಿ ಇಟ್ಟಿದ್ದೇನೆ, ಹೇಳು" ಎನ್ನಿ. ಚಮಚ, ಲೋಟ, ಸೌಟು, ಮರದ ಮಂತು, ಲಟ್ಟಣಿಗೆ, ಕೊಬ್ಬರಿ ಚಿಪ್ಪು. ಮಗು ಮರದ್ದು-ಲೋಹದ್ದು ಅಂತ ಹೇಳಬಹುದು, ಆದರೆ ನೀವು ಇಟ್ಟಿದ್ದು ಹಿಡಿ ಇರುವುದು-ಹಿಡಿ ಇಲ್ಲದ್ದು ಅಂತ ಇರಬಹುದು. ಮೂರನೆಯ ಸಾಮಾನು ತಂದು "ಹಾಗಾದರೆ ಇದು ಎಲ್ಲಿಗೆ?" ಎಂದು ಪರೀಕ್ಷೆ ಮಾಡಲಿ. ಇನ್ನೊಂದು ಆಟ ಕಣ್ಣು ಕಟ್ಟಿ ಆಡೋದು. ಬಟ್ಟೆಯ ಚೀಲದೊಳಗೆ ಅಡಿಕೆ, ಜಾಯಿಕಾಯಿ, ನಿಂಬೆಹಣ್ಣು, ಬೆಳ್ಳುಳ್ಳಿ ಗೆಡ್ಡೆ, ಬಳಪ ಹಾಕಿ, ಕೈಯಾಡಿಸಿ ಹೇಳಲಿ. ಇದು ನನ್ನ ಸ್ವಂತ ಕಲ್ಪನೆಯಲ್ಲ. ಇಟಲಿಯ ಮರಿಯಾ ಮಾಂಟೆಸೊರಿ ಅವರು ತಮ್ಮ ಶಾಲೆಗಳಲ್ಲಿ ಮಕ್ಕಳ ಕಣ್ಣಿಗೆ ಬಟ್ಟೆ ಕಟ್ಟಿ, ಬರೀ ಬೆರಳಿನಿಂದ ವಸ್ತುಗಳನ್ನು ಬೇರ್ಪಡಿಸುವ ಅಭ್ಯಾಸ ಮಾಡಿಸುತ್ತಿದ್ದರು. ಆಕೆ 1939ರಲ್ಲಿ ಮದರಾಸಿಗೆ ಬಂದವರು, ಯುದ್ಧದ ಕಾರಣ ಹಿಂದಿರುಗಲಾಗದೆ 1946ರವರೆಗೆ ನಮ್ಮ ದೇಶದಲ್ಲೇ ಉಳಿದು ಎಷ್ಟೋ ಶಿಕ್ಷಕಿಯರಿಗೆ ತರಬೇತಿ ಕೊಟ್ಟರು. ಅವರು ಮರದಲ್ಲಿ ಮಾಡಿಸಿದ ಸಾಮಾನುಗಳಿಗೆ ಇವತ್ತು ಬೆಲೆ ಕೇಳಿದರೆ ತಲೆ ತಿರುಗುತ್ತೆ. ಜಾಯಿಕಾಯಿ, ಅಡಿಕೆ ನಮ್ಮ ಮನೆಯಲ್ಲೇ ಇದೆಯಲ್ಲ.

ಹೂ ಕಟ್ಟುವಾಗ ಕೇಳಬಹುದಾದ ಒಂದು ಪ್ರಶ್ನೆಯನ್ನೂ ಹೇಳಿಬಿಡುತ್ತೇನೆ. ಎಂಟು ಮಲ್ಲಿಗೆ, ಎರಡು ಕನಕಾಂಬರ ಎದುರಿಗಿಟ್ಟು, "ಮಲ್ಲಿಗೆ ಹೆಚ್ಚೋ, ಹೂವು ಹೆಚ್ಚೋ?" ಎಂದು ಕೇಳಿ. ಐದು ವರ್ಷದ ಮಗು ಬಹುಮಟ್ಟಿಗೆ "ಮಲ್ಲಿಗೆ" ಎನ್ನುತ್ತೆ. ಮಲ್ಲಿಗೆಯೂ ಹೂವೇ, ಕನಕಾಂಬರವೂ ಹೂವೇ, ಹೂವೆಂಬ ದೊಡ್ಡ ಬುಟ್ಟಿಯೊಳಗೆ ಮಲ್ಲಿಗೆಯ ಚಿಕ್ಕ ಬುಟ್ಟಿ ಇದೆ ಎಂಬುದು ಇನ್ನೂ ಹೊಳೆದಿರುವುದಿಲ್ಲ. ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ಎಂಬ ಪಂಡಿತರು ಅಲ್ಲಿಯ ಮಕ್ಕಳಿಗೆ ಇಂಥದೇ ಪ್ರಶ್ನೆ ಕೇಳಿ, ಇದು ತಿಳಿಯುವುದು ಏಳೆಂಟು ವರ್ಷದ ಹೊತ್ತಿಗೆ ಎಂದು ಬರೆದಿದ್ದಾರೆ. ಆದ್ದರಿಂದ ನಿಮ್ಮ ಮಗು "ಮಲ್ಲಿಗೆ" ಎಂದರೆ ದಡ್ಡ ಎಂದುಕೊಳ್ಳಬೇಡಿ. ಉತ್ತರ ಬಾಯಿಪಾಠ ಮಾಡಿಸಲೂ ಬೇಡಿ. ಆರು ತಿಂಗಳು ಬಿಟ್ಟು ಮತ್ತೆ ಕೇಳಿ.

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ. "ಯಾಕೆ ಇಲ್ಲಿಟ್ಟೆ?" ಎಂಬ ಪ್ರಶ್ನೆಯನ್ನು ಬೈಗುಳದ ಧಾಟಿಯಲ್ಲಿ ಅಲ್ಲ, ನಿಜವಾಗಿ ತಿಳಿದುಕೊಳ್ಳುವ ಆಸೆಯಿಂದ ಕೇಳಬೇಕು ಎಂದು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ.

ನಮ್ಮ ಬೀದಿಯ ಒಂದು ಮನೆ. ಹೆಸರು ಬೇಡ. ಎರಡನೇ ಕ್ಲಾಸಿನ ಹುಡುಗ, ಮಾತಿನಲ್ಲಿ ಚುರುಕು, ಲೆಕ್ಕದಲ್ಲಿ ಮುಂದೆ. ಆದರೆ ಚಿತ್ರಕ್ಕೆ ಬಣ್ಣ ಹಾಕುವ ಪುಸ್ತಕ ತೆಗೆದರೆ ಎಲೆಗೆ ಕಂದು, ಮರದ ಕಾಂಡಕ್ಕೆ ಹಸಿರು. ಶಾಲೆಯಿಂದ "ಗಮನ ಕೊಡುವುದಿಲ್ಲ" ಎಂದು ಬರೆದು ಕಳಿಸುತ್ತಿದ್ದರು. ಬೇಕೆಂದೇ ತುಂಟತನ ಮಾಡುತ್ತಾನೆ ಎಂದು ಅಪ್ಪನಿಂದ ಏಟು ಕೂಡ ಬಿದ್ದಿತ್ತು. ಹೋದ ನವರಾತ್ರಿಯಲ್ಲಿ ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರ ಜೊತೆ ಬಂದ ಮಕ್ಕಳಿಗೆಲ್ಲ ನಮ್ಮ ಹಜಾರದಲ್ಲಿ ಹೊಲಿಗೆ ಡಬ್ಬದ ಗುಂಡಿಗಳನ್ನು ಸುರಿದು ಕೊಟ್ಟಿದ್ದೆ. ಎರಡು ತೂತಿನದು, ನಾಲ್ಕು ತೂತಿನದು ಎಂದು ಬೇರ್ಪಡಿಸುವಾಗ ಈ ಹುಡುಗ ಎಲ್ಲರಿಗಿಂತ ಮೊದಲು ಮುಗಿಸಿದ. ಬಣ್ಣದ ಸರದಿ ಬಂದಾಗ ಹಸಿರು ಗುಂಡಿ, ಕಂದು ಗುಂಡಿ ಎಲ್ಲ ಒಂದೇ ರಾಶಿ. ಉಳಿದ ಮಕ್ಕಳು ಹೋ ಎಂದು ನಕ್ಕವು.

"ಇದನ್ನು ಯಾಕೆ ಇಲ್ಲಿಟ್ಟೆ ಮರಿ?" ಎಂದೆ.

"ಎರಡೂ ಒಂದೇ ಅಲ್ವಾ ಆಂಟಿ?" ಎಂದು ನನ್ನ ಮುಖ ನೋಡಿದ. ಆ ಮುಖದಲ್ಲಿ ತುಂಟತನ ಇರಲಿಲ್ಲ.

ಮಾರನೆಯ ದಿನ ಬೆಳಕಿನಲ್ಲಿ, ಅವನ ತಾಯಿಯ ಎದುರಿಗೇ, ಹೆಸರು ಕೇಳದೆ ಬರೀ ಜೋಡಿ ಮಾಡಿಸಿದೆ. "ಇದೇ ಬಣ್ಣದ್ದು ಇನ್ನೊಂದು ಕೊಡು" ಅಂತ. ನೀಲಿಗೆ ನೀಲಿ, ಹಳದಿಗೆ ಹಳದಿ ತಪ್ಪದೆ ಕೊಟ್ಟ. ಹಸಿರಿಗೆ ಮಾತ್ರ ಒಮ್ಮೆ ಹಸಿರು, ಒಮ್ಮೆ ಕಂದು. ಆಕೆ ಅದೇ ವಾರ ಅವನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಬಣ್ಣದ ಚುಕ್ಕೆಗಳ ನಡುವೆ ಅಂಕಿ ಅಡಗಿರುವ ಒಂದು ಪುಸ್ತಕ ತೋರಿಸಿ ಪರೀಕ್ಷೆ ಮಾಡಿದರಂತೆ. ಜಪಾನಿನ ಇಶಿಹಾರ ಎಂಬ ವೈದ್ಯರು 1917ರಲ್ಲಿ ಹೊರತಂದ ಪರೀಕ್ಷೆ ಅದು, ಇಂದಿಗೂ ಎಲ್ಲ ಕಡೆ ಬಳಕೆಯಲ್ಲಿದೆ. ಹುಡುಗನಿಗೆ ಕೆಂಪು-ಹಸಿರುಗಳ ವ್ಯತ್ಯಾಸ ನಮಗೆ ಕಾಣುವಷ್ಟು ಕಾಣುವುದಿಲ್ಲ. ಬಣ್ಣಗುರುಡು ಎನ್ನುತ್ತಾರೆ. ಹೆಸರು ಕೇಳಿ ಹೆದರಬೇಡಿ, ಕುರುಡಲ್ಲ. ದೃಷ್ಟಿ ಸರಿಯಾಗಿದೆ, ಬುದ್ಧಿ ಸರಿಯಾಗಿದೆ. ಹುಟ್ಟಿನಿಂದ ಬಂದದ್ದು ವಯಸ್ಸಾದಂತೆ ಹೆಚ್ಚುವುದೂ ಇಲ್ಲ, ಔಷಧಿಯಿಂದ ಹೋಗುವುದೂ ಇಲ್ಲ. ಅಣುಗಳ ವಿಷಯದಲ್ಲಿ ಹೆಸರಾದ ವಿಜ್ಞಾನಿ ಜಾನ್ ಡಾಲ್ಟನ್ನರಿಗೂ ಹೀಗೇ ಇತ್ತು. 1794ರಲ್ಲಿ ತಮ್ಮ ಕಣ್ಣಿನ ಬಗ್ಗೆಯೇ ಪ್ರಬಂಧ ಓದಿದವರು ಅವರು.

ಇಲ್ಲಿಗೆ ಮುಗಿಯಲಿಲ್ಲ. ಈ ಕೊರತೆ ತಾಯಿಯ ಕಡೆಯಿಂದ ಬರುತ್ತದೆ ಎಂದು ಡಾಕ್ಟರು ಹೇಳಿದ್ದೇ ತಡ, ಮನೆಯಲ್ಲಿ ಮಾತು ಶುರು. "ಇವಳ ತವರಿನಿಂದ ಬಂದದ್ದು." ಆ ಹೆಂಗಸು ನನ್ನ ಅಡುಗೆಮನೆಯಲ್ಲಿ ಕುಳಿತು ಅತ್ತರು. ಇದನ್ನು ಓದುತ್ತಿರುವ ಅತ್ತೆಯರು, ಸೊಸೆಯರು ಇಬ್ಬರಿಗೂ ಹೇಳುತ್ತೇನೆ, ಕೇಳಿ. ಈ ಗುಣ ಎಕ್ಸ್ ಎಂಬ ವರ್ಣತಂತುವಿನಲ್ಲಿ ಇರುತ್ತೆ. ಹೆಂಗಸರಲ್ಲಿ ಎರಡು ಎಕ್ಸ್. ಒಂದರಲ್ಲಿ ಕೊರತೆ ಇದ್ದರೂ ಇನ್ನೊಂದು ಸರಿದೂಗಿಸುವುದರಿಂದ ಆಕೆಗೆ ಬಣ್ಣಗಳು ಚೆನ್ನಾಗಿಯೇ ಕಾಣುತ್ತವೆ. ತನ್ನಲ್ಲಿ ಅದು ಇದೆ ಎಂದೇ ಆಕೆಗೆ ಗೊತ್ತಿರುವುದಿಲ್ಲ. ಗಂಡುಮಗುವಿಗೆ ಇರುವುದು ಒಂದೇ ಎಕ್ಸ್, ಅದು ತಾಯಿಯಿಂದಲೇ ಬರಬೇಕು. ಹಾಗಾಗಿ ಗಂಡುಮಕ್ಕಳಲ್ಲಿ ಇದು ಅಲ್ಲೊಬ್ಬ ಇಲ್ಲೊಬ್ಬರಿಗೆ ಕಾಣುತ್ತೆ, ಹೆಣ್ಣುಮಕ್ಕಳಲ್ಲಿ ತೀರ ಕಡಿಮೆ. ಮಗ ಎಡಚನಾದರೆ, ಗುಂಗುರು ಕೂದಲಿನವನಾದರೆ ಯಾರ ಮೇಲಾದರೂ ತಪ್ಪು ಹೊರಿಸುತ್ತೇವೆಯೇ? ಅಜ್ಜಿಯ ಕಣ್ಣು, ಅಜ್ಜನ ಮೂಗು ಎಂದು ಹೆಮ್ಮೆಯಿಂದ ಹೇಳಿಕೊಳ್ಳುವ ನಾವು ಇದೊಂದನ್ನು ಮಾತ್ರ ಸೊಸೆಯ ಕೊರಳಿಗೆ ಕಟ್ಟುವುದು ಯಾವ ನ್ಯಾಯ?

ತಾಯಿ ಈಗ ಪ್ರತಿ ಬಣ್ಣದ ಪೆನ್ಸಿಲ್ಲಿಗೂ ಸಣ್ಣ ಚೀಟಿ ಅಂಟಿಸಿ ಹೆಸರು ಬರೆದಿದ್ದಾರೆ. ಶಾಲೆಗೆ ಹೋಗಿ ಡಾಕ್ಟರ ಚೀಟಿ ತೋರಿಸಿದ ಮೇಲೆ ಅಲ್ಲಿಯೂ ದೂರು ನಿಂತಿದೆ. ಅಪ್ಪ ಮೊನ್ನೆ ಅವನನ್ನು ಜಿಲ್ಲಾ ಕೇಂದ್ರಕ್ಕೆ ಕರೆದುಕೊಂಡು ಹೋಗಿ, ಸಿಗ್ನಲ್ ದೀಪದಲ್ಲಿ ಕೆಂಪು ಯಾವಾಗಲೂ ಮೇಲೆ, ಹಸಿರು ಕೆಳಗೆ ಎಂದು ತೋರಿಸಿಕೊಟ್ಟರಂತೆ. ರೈಲು ಓಡಿಸುವಂಥ ಕೆಲಸಗಳಿಗೆ ಬಣ್ಣದ ದೃಷ್ಟಿ ಕಡ್ಡಾಯ. ಅದು ಇಪ್ಪತ್ತು ವರ್ಷಕ್ಕೆ, ಆಸೆ ಪಟ್ಟು ಅರ್ಜಿ ಹಾಕಿದ ಮೇಲೆ ಗೊತ್ತಾಗುವುದಕ್ಕಿಂತ ಏಳು ವರ್ಷಕ್ಕೆ ಗೊತ್ತಾಗುವುದು ಮೇಲಲ್ಲವೇ?

ಒಂದು ಎಚ್ಚರಿಕೆ. ಮೂರು ವರ್ಷದ ಮಗು ಕೆಂಪಿಗೆ ಹಸಿರು ಎಂದ ಮಾತ್ರಕ್ಕೆ ಡಾಕ್ಟರ ಹತ್ತಿರ ಓಡಬೇಡಿ. ಆ ವಯಸ್ಸಿನಲ್ಲಿ ಬಣ್ಣದ ಹೆಸರುಗಳೇ ಇನ್ನೂ ಕೂತಿರುವುದಿಲ್ಲ. ಹೆಸರು ಹೇಳಲು ಬಾರದ ಮಗು ಕೂಡ ಜೋಡಿ ಮಾಡಬಲ್ಲದು. ಐದು ದಾಟಿದ ಮೇಲೂ, ಒಳ್ಳೆ ಬೆಳಕಿನಲ್ಲೂ, ಜೋಡಿ ಮಾಡುವುದರಲ್ಲೇ ಮತ್ತೆ ಮತ್ತೆ ಎಡವಿದರೆ ಆಗ ತೋರಿಸಿ.

ಕಾಳಿನಿಂದ ಬೇಸರವಾದ ದಿನ ಮಕ್ಕಳನ್ನು ಹಿತ್ತಲಿಗೆ ಕಳಿಸಿ, ಬಿದ್ದ ಎಲೆಗಳನ್ನು ಆರಿಸಿ ತರಲಿ. ಹಸಿ ಎಲೆ ಬೇಕೆಂದರೆ ಒಂದೊಂದೇ ಕೀಳಲಿ. ಮಾವಿನ ಎಲೆಯ ಅಂಚು ನೇರ, ದಾಸವಾಳದ್ದು ಗರಗಸದ ಹಾಗೆ. ಬೇವಿನ ಪುಟ್ಟ ಎಲೆಗಳಿಗೂ ಗರಗಸದ ಅಂಚು ಇದೆ, ನೋಡಿಲ್ಲದಿದ್ದರೆ ಇವತ್ತು ನೋಡಿ. ಅರಳಿಯ ಎಲೆಗೆ ಉದ್ದ ಬಾಲ. ದೊಡ್ಡಪತ್ರೆ ದಪ್ಪ, ಮೈತುಂಬ ನವಿರು. ತುಳಸಿ, ಕರಿಬೇವು, ನಿಂಬೆ ಎಲೆಗಳನ್ನು ಹಿಸುಕಿ, ಕಣ್ಣು ಮುಚ್ಚಿ ಮೂಸಲಿ.

ಇವೆಲ್ಲಕ್ಕಿಂತ ಸ್ವಾರಸ್ಯ ಎಲೆಯ ನರಗಳದ್ದು. ಬೆಳಕಿಗೆ ಹಿಡಿದು ನೋಡಿದರೆ ಮಾವು, ದಾಸವಾಳ, ಹರಿವೆ, ಅವರೆ ಇವುಗಳ ಎಲೆಯಲ್ಲಿ ನರಗಳು ಮೀನಿನ ಬಲೆಯ ಹಾಗೆ ಹೆಣೆದುಕೊಂಡಿವೆ. ಗರಿಕೆ, ಜೋಳ, ಭತ್ತ, ರಾಗಿ, ಬಾಳೆಗಳಲ್ಲಿ ಒಂದರ ಪಕ್ಕ ಒಂದು ಗೆರೆ ಎಳೆದ ಹಾಗೆ. ಎರಡು ಗುಂಪಾಯಿತು. ಈಗ ಬೇರು ನೋಡಿ. ಸಂತೆಯಲ್ಲಿ ದಂಟಿನ ಸೊಪ್ಪು, ಮೆಂತ್ಯದ ಸೊಪ್ಪನ್ನು ಬೇರು ಸಮೇತ ಕಟ್ಟು ಕೊಡುತ್ತಾರಲ್ಲ, ಅದರಲ್ಲಿ ಒಂದು ತಾಯಿಬೇರು ನೆಟ್ಟಗೆ ಇಳಿದು ಅದರಿಂದ ಮರಿಬೇರು ಹೊರಟಿರುತ್ತೆ. ಗರಿಕೆ ಕಿತ್ತರೆ, ಈರುಳ್ಳಿ ಗಿಡ ಕಿತ್ತರೆ, ಗಡ್ಡದ ಹಾಗೆ ಗೊಂಚಲು ಬೇರು. ಮೂರನೆಯದಾಗಿ ಬೀಜ. ಕಡಲೆ, ಅವರೆ, ಹುರುಳಿ ನೆನೆಸಿ ಸಿಪ್ಪೆ ಸುಲಿದು ಒತ್ತಿ, ಸರಿಯಾಗಿ ಎರಡು ಹೋಳಾಗುತ್ತೆ. ಜೋಳ, ರಾಗಿ, ಭತ್ತ ಎಷ್ಟು ನೆನೆಸಿದರೂ ಹೋಳಾಗುವುದಿಲ್ಲ. ತೊಗರಿಬೇಳೆ ಇದೆ, ಕಡಲೆಬೇಳೆ ಇದೆ, ಉದ್ದಿನಬೇಳೆ ಇದೆ. ಅಂಗಡಿಗೆ ಹೋಗಿ ಅರ್ಧ ಕಿಲೋ ರಾಗಿಬೇಳೆ ಕೊಡಿ ಎನ್ನಿ, ಶೆಟ್ಟರು ನಕ್ಕಾರು! ಬಲೆಯಂಥ ನರ, ತಾಯಿಬೇರು, ಎರಡು ಹೋಳಿನ ಬೀಜ ಇವು ಸಾಮಾನ್ಯವಾಗಿ ಒಂದೇ ಗಿಡದಲ್ಲಿ ಒಟ್ಟಿಗೆ ಬರುತ್ತವೆ. ಗೆರೆ ನರ, ಗೊಂಚಲು ಬೇರು, ಹೋಳಾಗದ ಬೀಜ ಇನ್ನೊಂದು ಕಡೆ. ದ್ವಿದಳ, ಏಕದಳ ಎಂದು ಹೈಸ್ಕೂಲಿನಲ್ಲಿ ನಾವು ಪರೀಕ್ಷೆಗಾಗಿ ಉರುಹೊಡೆದದ್ದು ಇದನ್ನೇ. ಬೇಳೆ ಬೇಯಿಸುತ್ತಾ ಇಷ್ಟು ವರ್ಷ ಕಳೆದ ಕೈಗಳಿಗೆ ಅದು ಮೊದಲೇ ಗೊತ್ತಿತ್ತು ನೋಡಿ.

ಮಕ್ಕಳು ಜಾಣರು. ಯಾವುದಾದರೊಂದು ಮಗು ಪತ್ರೊಡೆ ಮಾಡುವ ಕೆಸವಿನ ಎಲೆ ತಂದು ನಿಮ್ಮನ್ನು ಸಿಕ್ಕಿಸಿಹಾಕುತ್ತೆ. ಅದರ ನರ ಬಲೆಯ ಹಾಗಿದೆ, ಆದರೆ ಕೆಸು ಏಕದಳದ ಬಳಗಕ್ಕೆ ಸೇರಿದ್ದು. ಆಗ "ಹೌದು ಮಗಾ, ಒಂದು ಗುಣ ನೋಡಿ ತೀರ್ಮಾನ ಮಾಡಬಾರದು, ಬೇರೂ ನೋಡೋಣ" ಎನ್ನಿ. ದೊಡ್ಡ ಪಂಡಿತರಿಗೂ ಹೀಗಾಗಿದೆ. ಸ್ವೀಡನ್ನಿನ ಲಿನೇಯಸ್ 1753ರಲ್ಲಿ ತಮಗೆ ಗೊತ್ತಿದ್ದ ಗಿಡಗಳಿಗೆಲ್ಲ ಎರಡು ಪದದ ಹೆಸರಿಟ್ಟರು. ಆ ಹೆಸರಿಡುವ ಪದ್ಧತಿ ಇವತ್ತಿಗೂ ನಡೆಯುತ್ತಿದೆ. ಆದರೆ ಹೂವಿನೊಳಗಿನ ಕೇಸರಗಳನ್ನು ಎಣಿಸಿ ಅವರು ಮಾಡಿದ ಗುಂಪುಗಳನ್ನು ಮುಂದಿನವರು ಕೈಬಿಟ್ಟರು. ಎಣಿಸಲು ಸುಲಭ ನಿಜ, ಆದರೆ ಒಂದಕ್ಕೊಂದು ಸಂಬಂಧವೇ ಇಲ್ಲದ ಗಿಡಗಳು ಎಷ್ಟೋ ಕಡೆ ಒಂದೇ ಮನೆ ಸೇರಿಬಿಟ್ಟಿದ್ದವು.

ಈ ಕಣ್ಣು ಅಡುಗೆಮನೆಗೆ ಬಂದರೆ ನಮಗೂ ಲಾಭ. ಸಾಸಿವೆಯನ್ನೇ ತೆಗೆದುಕೊಳ್ಳಿ. ಬೇಲಿ ಬದಿಯಲ್ಲಿ, ಬೀಳು ಜಾಗದಲ್ಲಿ ಹಳದಿ ಹೂ ಬಿಡುವ ಮುಳ್ಳಿನ ಎಲೆಯ ಗಿಡವೊಂದಿದೆ, ದತ್ತೂರಿ ಎನ್ನುತ್ತಾರೆ, ಆರ್ಜಿಮೋನ್ ಎಂದು ಶಾಸ್ತ್ರದ ಹೆಸರು. ಅದರ ಬೀಜ ಸಾಸಿವೆಯಷ್ಟೇ ಗಾತ್ರ, ಅದೇ ಕಪ್ಪು. ಆದರೆ ವಿಷ. 1998ರಲ್ಲಿ ದೆಹಲಿಯಲ್ಲಿ ಇದರ ಎಣ್ಣೆ ಬೆರೆತ ಸಾಸಿವೆ ಎಣ್ಣೆ ತಿಂದು ಕಾಲು ಊದಿ, ಹೃದಯ ಸೋತು ಎಷ್ಟೋ ಜನ ಸತ್ತರು. ಬೇರ್ಪಡಿಸುವುದು ಹೇಗೆ? ಸಾಸಿವೆಯ ಮೈ ನುಣುಪು, ದುಂಡಗೆ. ಇದರ ಮೈ ಒರಟು. ಕಾಳನ್ನು ಒತ್ತಿ ಪುಡಿ ಮಾಡಿದರೆ ಸಾಸಿವೆಯ ಒಳಗೆ ಹಳದಿ, ಇದರೊಳಗೆ ಬಿಳಿ. ಬಿಡಿಯಾಗಿ ತಂದ ಸಾಸಿವೆಯನ್ನು ಬಿಳಿ ಕಾಗದದ ಮೇಲೆ ಹರಡಿ ಮಕ್ಕಳ ಮುಂದಿಡಿ, ನಮಗಿಂತ ಅವರ ಕಣ್ಣು ಚುರುಕು. ಕರಿಮೆಣಸಿಗೆ ಒಣಗಿದ ಪರಂಗಿ ಬೀಜ ಬೆರೆಸುವವರೂ ಇದ್ದಾರೆ. ಲೋಟದ ನೀರಿಗೆ ಹಾಕಿದರೆ ಒಳ್ಳೆ ಮೆಣಸು ತಳಕ್ಕೆ ಹೋಗುತ್ತೆ, ಪರಂಗಿ ಬೀಜ ತೇಲುತ್ತೆ. ಟೊಳ್ಳು ಮೆಣಸೂ ತೇಲುವುದುಂಟು. ಆದ್ದರಿಂದ ತೇಲಿದ್ದನ್ನು ತೆಗೆದು ಆಕಾರವನ್ನೂ ನೋಡಿ, ಮೆಣಸು ಗುಂಡಗೆ, ಪರಂಗಿ ಬೀಜ ಮೊಟ್ಟೆಯಾಕಾರ.

ತಾಯಂದಿರಾಗಿ ಮರೆಯಬಾರದ ಮಾತು ಒಂದಿದೆ. ಮೂರು ವರ್ಷದೊಳಗಿನ ಮಗು ಇರುವ ಮನೆಯಲ್ಲಿ ಕಾಳು, ಗುಂಡಿ, ಮಣಿ ಬೇಡವೇ ಬೇಡ. ಮೂಗಿಗೆ ತುರುಕಿಕೊಳ್ಳುತ್ತವೆ, ಗಂಟಲಿಗೆ ಇಳಿಯುತ್ತೆ. ಕಡಲೆಕಾಯಿ ಬೀಜ ಉಸಿರಿನ ದಾರಿಯಲ್ಲಿ ಸಿಕ್ಕಿಕೊಂಡರೆ ಪ್ರಾಣಕ್ಕೇ ಬರುತ್ತೆ. ಅಷ್ಟು ಚಿಕ್ಕವರಿಗೆ ಲೋಟ, ತಟ್ಟೆ, ಕಾಲುಚೀಲ ಕೊಡಿ. ಒಗೆದ ಬಟ್ಟೆ ಮಡಿಸುವಾಗ ಅಪ್ಪಂದು, ಅಣ್ಣಂದು ಎಂದು ಬೇರೆ ಮಾಡಲಿ, ಕಾಲುಚೀಲ ಜೋಡಿ ಹುಡುಕಲಿ. ದೊಡ್ಡ ಮಕ್ಕಳು ಹೊರಗಿನಿಂದ ಬೀಜ ಆರಿಸಿ ತಂದರೆ ಒಮ್ಮೆ ನೋಡಿ. ಕೆಂಪು ಮೈ, ಕಪ್ಪು ಕಣ್ಣಿನ ಗುಲಗಂಜಿ ನೋಡಲು ಎಷ್ಟು ಮುದ್ದೋ ಅಷ್ಟೇ ವಿಷ, ಅಗಿದರೆ ಅಪಾಯ. ಹರಳೆಣ್ಣೆ ತೆಗೆಯುವ ಹರಳು ಬೀಜವೂ ಹಾಗೆಯೇ. ಚೆನ್ನೆಮಣೆ ಆಡಲು ಹುಣಸೆ ಬೀಜ ಇದೆಯಲ್ಲ, ಅದೇ ಸಾಕು.

ಇನ್ನು, ಆಟ ಮುಗಿದ ಮೇಲೆ ಅಷ್ಟೊಂದು ಕಾಳನ್ನು ಏನು ಮಾಡೋದು ಅಂತ ಕೇಳುತ್ತೀರಿ. ನವರಾತ್ರಿ ಅಲ್ಲವೇ, ಉಸಲಿ ಮಾಡಿ. ಮಕ್ಕಳು ಕೈ ತೊಳೆದೇ ಆಡಿರಲಿ, ಆದರೂ ಕಾಳನ್ನು ಮೂರು ನೀರಿನಲ್ಲಿ ತೊಳೆಯಿರಿ. ಬೇಯುವ ಲೆಕ್ಕದಲ್ಲಿ ಕೊನೆಯದಾಗಿ ಒಂದು ಸಲ ಮಕ್ಕಳಿಂದಲೇ ಗುಂಪು ಮಾಡಿಸಿ: ಕಡಲೆ, ಬಟಾಣಿ, ಹುರುಳಿ, ರಾಜ್ಮಾ ಗಟ್ಟಿಯವು, ರಾತ್ರಿಯೇ ನೆನೆಯಬೇಕು. ಹೆಸರುಕಾಳು, ಅಲಸಂದೆಗೆ ನಾಲ್ಕೈದು ಗಂಟೆ ಸಾಕು. ನೆನೆದ ಮೇಲೆ ಯಾವುದು ಎಷ್ಟು ಉಬ್ಬಿತು ಅಂತ ಬೆಳಗ್ಗೆ ಎದ್ದು ಅವರೇ ನೋಡಲಿ. ರಾಜ್ಮಾ ಅರೆಬೆಂದರೆ ಹೊಟ್ಟೆ ಕೆಡುತ್ತೆ, ಅದನ್ನು ಬೇರೆಯಾಗಿ, ನೆನೆಸಿದ ನೀರು ಚೆಲ್ಲಿ, ಕುಕ್ಕರಿನಲ್ಲಿ ಚೆನ್ನಾಗಿ ಮೆತ್ತಗೆ ಬೇಯಿಸಿ. ಉಳಿದ ಗಟ್ಟಿ ಕಾಳು ಒಂದು ಪಾತ್ರೆಯಲ್ಲಿ, ಮೆತ್ತನೆಯವು ಇನ್ನೊಂದರಲ್ಲಿ, ಉಪ್ಪು ಹಾಕಿ ಬೇಯಿಸಿ ಬಸಿದುಕೊಳ್ಳಿ. ಬಸಿದ ಕಟ್ಟನ್ನು ಚೆಲ್ಲಬೇಡಿ, ಸಾರಿಗೆ ಆಗುತ್ತೆ, ರಾಜ್ಮಾದ್ದು ಮಾತ್ರ ಬೇಡ. ಬಾಣಲೆಯಲ್ಲಿ ಎರಡು ಚಮಚ ಎಣ್ಣೆ, ಸಾಸಿವೆ, ಇಂಗು, ಸೀಳಿದ ಹಸಿಮೆಣಸಿನಕಾಯಿ, ಕರಿಬೇವು ಹಾಕಿ ಒಗ್ಗರಣೆ ಮಾಡಿ, ಕಾಳೆಲ್ಲ ಬೆರೆಸಿ ಐದು ನಿಮಿಷ ಕೈಯಾಡಿಸಿ. ಇಳಿಸಿದ ಮೇಲೆ ತೆಂಗಿನಕಾಯಿ ತುರಿ, ಕೊತ್ತಂಬರಿ, ಅರ್ಧ ಹೋಳು ನಿಂಬೆರಸ. ಸಂಜೆ ಗೊಂಬೆ ಆರತಿಗೆ ಬರುವ ಮಕ್ಕಳಿಗೆ ಚರ್ಪು ಆಯಿತು.